ಗೌರಿ ಹಬ್ಬದ ಬೆಳಗಿನ ತಂತಿ

ಮೊದಲಿಗೇ ಕ್ಷಮೆ ಕೇಳಿಬಿಡಬೇಕು. ಇನ್ನೊಬ್ಬರ ಮನೆಯ ಹಬ್ಬವನ್ನೂ ಅದೇ ಮನೆಯ ಸಾವನ್ನೂ ಒಟ್ಟಿಗೆ ಹಿಡಿದು ಬೀದಿಗೆ ತರುವುದು ಒಳ್ಳೆಯ ನಡತೆಯಲ್ಲ. ಕಥೆ ಹೇಳಿ ಪಳಗಿದವರಾದರೆ ಅದನ್ನು ನಾಜೂಕಾಗಿ ಮಾಡಿಯಾರು. ಅರ್ಧಂಬರ್ಧ ಓದಿದವರು ಹೇಳಹೊರಟರೆ ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂಬುದು ಹೇಳಿದವರಿಗೇ ತಿಳಿಯುವುದಿಲ್ಲ. ಆದರೆ ಅಂಚೆ ತಮ್ಮಯ್ಯ ಆ ದಿನ ಮಾಡಿದ್ದನ್ನು ಊರಿನಲ್ಲಿ ಎರಡು ಥರ ಹೇಳುತ್ತಾರೆ. ಒಂದರಲ್ಲಿ ಅವನು ದೊಡ್ಡ ಮನುಷ್ಯ, ಇನ್ನೊಂದರಲ್ಲಿ ಕಟುಕ. ಅವನು ಎರಡೂ ಅಲ್ಲ. ಅಷ್ಟಕ್ಕಾಗಿ ಈ ಧೈರ್ಯ.

ಅರವತ್ತೊಂದನೆಯ ಇಸವಿಯ ಗೌರಿ ಹಬ್ಬ. ಊರು ಹೊಳೆನರಸೀಪುರ. ಹಬ್ಬ ಬಂತೆಂದರೆ ಊರಿಗೆಲ್ಲ ಸಡಗರ, ಅಂಚೆಯವನಿಗೆ ಮಾತ್ರ ಬೆನ್ನು ಮುರಿಯುವ ಕಾಲ. ಅದರಲ್ಲೂ ಗೌರಿ ಹಬ್ಬದ ವಾರ ಕೇಳುವುದೇ ಬೇಡ. ತವರಿಗೆ ಬರಲಾಗದ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರು ಎಲ್ಲೆಲ್ಲಿಂದಲೋ ಬಾಗಿನಕ್ಕೆಂದು ಮನಿಯಾರ್ಡರು ಕಳಿಸುತ್ತಾರೆ. ಮೊತ್ತ ಎಷ್ಟೇ ಇರಲಿ, ಹಬ್ಬಕ್ಕೆ ಮುಂಚೆ ಕೈಸೇರಬೇಕು. ತಡವಾದರೆ ಕಳಿಸಿದವನ ಮೇಲೆ ಯಾರಿಗೂ ಸಿಟ್ಟಿಲ್ಲ, ತಂದುಕೊಡುವವನ ಮೇಲೆ. ಇದರ ಜೊತೆಗೆ ತಮ್ಮಯ್ಯನ ಜೊತೆಗಾರ ಹುಚ್ಚಯ್ಯ ಅರಕಲಗೂಡಿನ ಅತ್ತೆಮನೆಗೆ ಹೋದವನು, ಜ್ವರ ಬಂದಿದೆ ಎಂದು ಕಾಗದ ಬರೆದು ಅಲ್ಲೇ ಉಳಿದುಬಿಟ್ಟಿದ್ದ. "ಆ ಜ್ವರ ಒಬ್ಬಟ್ಟು ಮುಗಿಯೋವರೆಗೂ ಇಳಿಯಲ್ಲ ಬಿಡು" ಎಂದು ಪೋಸ್ಟ್ ಮಾಸ್ತರು ರಂಗಸ್ವಾಮಿಯವರು ನಕ್ಕು, ಹುಚ್ಚಯ್ಯನ ಬೀದಿಗಳನ್ನೂ ತಮ್ಮಯ್ಯನ ಚೀಲಕ್ಕೇ ಸೇರಿಸಿದ್ದರು.

ತಮ್ಮಯ್ಯ ಇಲ್ಲ ಎನ್ನುವ ಪೈಕಿಯಲ್ಲ. ಕೇರಿಯಿಂದ ಬಂದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಖಾಕಿ ಅಂಗಿ ಹಾಕಿಕೊಂಡ ಮೊದಲನೆಯವನು ಅವನು. ಒಂದು ಕಾರ್ಡು ತಪ್ಪು ಮನೆಗೆ ಹೋದರೂ ಜನ ಅವನೊಬ್ಬನನ್ನು ಅನ್ನುವುದಿಲ್ಲ, ಅವನ ಹಿಂದಿನವರನ್ನೂ ಮುಂದಿನವರನ್ನೂ ಸೇರಿಸಿ ಅನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಪ್ರತಿ ವಿಳಾಸವನ್ನೂ ಮೂರು ಸಲ ಓದುವುದು, ಕೊಟ್ಟ ಮೇಲೂ ತಿರುಗಿ ನೋಡುವುದು ಅವನಿಗೆ ಅಂಟಿದ ಗೀಳು.

ಆ ದಿನ ಅವನ ತಲೆಯಲ್ಲಿ ಇನ್ನೊಂದು ಮುಳ್ಳೂ ಇತ್ತು. ದಂಡಿಗನಹಳ್ಳಿಗೆ ಕೊಟ್ಟಿದ್ದ ತಂಗಿ ಮುದ್ದಮ್ಮ ಹಬ್ಬಕ್ಕೆ ಬಂದಿದ್ದಳು. ಹೋದ ವರ್ಷವೂ ಬಂದಿದ್ದಳು. ಕೆಲಸದ ಗದ್ದಲದಲ್ಲಿ ಇವನು ಮನೆ ಸೇರುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು. "ಅಣ್ಣ ಅಂತ ಬಂದೆ, ಸೈಕಲ್ ಗಂಟೆ ಸದ್ದು ಕೇಳ್ಕಂಡು ಓಯ್ತಿದೀನಿ" ಎಂದು ಅತ್ತಿಗೆಯ ಹತ್ತಿರ ಹೇಳಿ ಹೋಗಿದ್ದಳಂತೆ. ಈ ಸಲ ಹನ್ನೊಂದು ಗಂಟೆಗೆಲ್ಲ ಮನೆಯಲ್ಲಿರುತ್ತೇನೆ, ನನ್ನ ಕೈಯಾರೆ ರವಿಕೆ ಕಣ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಮಾಸ್ತರೂ ಅರ್ಧ ದಿನ ರಜಕ್ಕೆ ಒಪ್ಪಿದ್ದರು.

ಎಂಟೂ ಮುಕ್ಕಾಲಿಗೆ ತಂತಿಯ ಯಂತ್ರ ಕಟಕಟ ಎಂದಿತು. ಮಾಸ್ತರು ಬರೆದುಕೊಂಡರು, ಬರೆಯುತ್ತ ಬರೆಯುತ್ತ ಅವರ ಮುಖ ಇಳಿಯಿತು.

"ತಮ್ಮಯ್ಯ, ಕೆಟ್ಟ ಸುದ್ದಿ ಕಣಯ್ಯ. ಹೊಳೆಬೀದಿ ಕೃಷ್ಣಪ್ಪನ ಮಾವ ಹೋಗ್ಬಿಟ್ರಂತೆ, ಹಿರೀಸಾವೇಲಿ. ಸಂಜೆ ನಾಲ್ಕಕ್ಕೆ ಮಣ್ಣು, ಮಗಳು ಸಣ್ಣಕ್ಕನ್ನ ಕೂಡಲೇ ಕಳಿಸಿ ಅಂತ ಹಾಕಿದಾರೆ. ಚನ್ನರಾಯಪಟ್ಟಣದ ಬಸ್ಸು ಹತ್ತೂವರೆಗೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡೀಬೇಕು. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದು."

"ಆಗ್ಲಿ ಸಾ."

ಲಕೋಟೆಯನ್ನು ಅಂಗಿಯ ಒಳಜೇಬಿಗೆ ಹಾಕಿ ಸೈಕಲ್ ಹತ್ತಿದ. ಆದರೆ ಹಬ್ಬದ ಬೆಳಿಗ್ಗೆ ಅಂಚೆಯವನ ಸೈಕಲ್ಲು ಸುಮ್ಮನೆ ಮುಂದಕ್ಕೆ ಹೋಗುತ್ತದೆಯೇ? ಮೂರನೆಯ ಮನೆಯ ಹತ್ತಿರವೇ ರಂಗೋಲಿ ಹಾಕುತ್ತಿದ್ದ ಹೆಂಗಸು ಅಡ್ಡ ನಿಂತಳು.

"ಏನ್ ಪೋಸ್ಟಣ್ಣ, ನಮ್ಮಣ್ಣನ ಮನಿಯಾರ್ಡರು ನಿನ್ ಚೀಲ್ದಾಗೆ ಕಾವಿಗೆ ಕೂತೈತಾ?"

"ಬಂದ್ರೆ ತರ್ತೀನಿ ಕಣವ್ವ."

"ಓದ್ ವರ್ಸಾನೂ ಇಂಗೇ ಅಂದೆ. ಅವ್ನು ಕಳಿಸಿಲ್ವೋ, ನೀನು ಕಾಸಿನ ಕಡ್ಲೆ ತಿಂದ್ಯೋ, ಗೌರಮ್ಮನೇ ಬಲ್ಲಳು!"

ಅವಳು ನಗುತ್ತಲೇ ಅಂದದ್ದು. ಆದರೆ ತಮ್ಮಯ್ಯನಿಗೆ ಅದು ತಮಾಷೆಯಾಗಿ ಇಳಿಯುವುದಿಲ್ಲ. ಸೈಕಲ್ ಒರಗಿಸಿ, ಚೀಲ ಬಿಚ್ಚಿ, ಕಟ್ಟನ್ನೆಲ್ಲ ತಿರುವಿ, ಇಲ್ಲವೆಂದು ತೋರಿಸಿಯೇ ಮುಂದಕ್ಕೆ ಹೋದ. ಹೀಗೆಯೇ ಇನ್ನೆರಡು ಬಾಗಿಲಲ್ಲಿ. ಹೊಳೆಬೀದಿ ಮುಟ್ಟಿದಾಗ ಒಂಬತ್ತೂ ಕಾಲು.

ಕೃಷ್ಣಪ್ಪನ ಮನೆ ಆ ಬೀದಿಯಲ್ಲಿ ದೊಡ್ಡದು. ಹೊಸಿಲಿಗೆ ಅರಿಶಿನ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ನಡುಮನೆಯಲ್ಲಿ ಗೌರಿಯನ್ನು ಕೂರಿಸಿ, ಅವಳ ಮುಂದೆ ಅರಿಶಿನ ಸವರಿದ ಐದು ಜೊತೆ ಮೊರದ ಬಾಗಿನಗಳನ್ನು ಸಾಲಾಗಿ ಇಟ್ಟದ್ದು ಹೊರಗಿನವರೆಗೂ ಕಾಣುತ್ತಿತ್ತು. ವೈಶಾಖದಲ್ಲಿ ಮದುವೆಯಾಗಿ ಬಂದ ಸೊಸೆ ಸಣ್ಣಕ್ಕನಿಗೆ ಇದು ಮೊದಲನೆಯ ಗೌರಿ. ಕೃಷ್ಣಪ್ಪ ಗಣೇಶನನ್ನು ತರಲು ಹಾಸನಕ್ಕೆ ಹೋದವನು ಇನ್ನೂ ಬಂದಿರಲಿಲ್ಲ.

ಎಂದಿನಂತೆ ತಮ್ಮಯ್ಯ ಜಗಲಿಯ ಕೆಳಗೇ ನಿಂತು ಗಂಟೆ ಬಾರಿಸಿದ. ಬಂದವಳು ಕೃಷ್ಣಪ್ಪನ ತಾಯಿ. ಹೆಸರೇ ದೊಡ್ಡಮ್ಮ, ಬೀದಿಗೂ ದೊಡ್ಡಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವಳು. ಅವಳು ಲಕೋಟೆಯ ಬಣ್ಣ ನೋಡಿದಳು, ತಮ್ಮಯ್ಯನ ಮುಖ ನೋಡಿದಳು. ಸರಸರನೆ ಇಳಿದು ಬಂದು ಅವನನ್ನು ಮನೆಯ ಪಕ್ಕದ ಗೋಡೆಯ ಮರೆಗೆ ಕರೆದಳು.

"ತಂತಿ. ಅಲ್ವೇನ್ಲಾ?"

"ಊಂ ಅಮ್ಮಾರೆ. ಅರ್ಜೆಂಟು, ಇದ್ರಾಗೆ..."

"ಬಾಯಿ ಮುಚ್ಚು! ಒಂದ್ ಅಕ್ಸರ ಅನ್ಬ್ಯಾಡ. ಅರ್ಜೆಂಟು ಅಂದ್ರೆ ಸಾವೇ ಕಣ್ಲಾ, ಲಗ್ನಕ್ಕೆ ಯಾರು ಅರ್ಜೆಂಟು ತಂತಿ ಕೊಟ್ಟಾರು? ಯಾರು, ಎಲ್ಲಿ, ನಂಗೆ ಬ್ಯಾಡ. ಕಿವೀಗ್ ಬೀಳೋಗಂಟ ಸೂತಕ ಇಲ್ಲ."

ಅದು ಅವಳೊಬ್ಬಳ ಮಾತಲ್ಲ, ಎಲ್ಲರೂ ನಡೆಸಿಕೊಂಡು ಬಂದದ್ದು. ಸತ್ತ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಬೀಳದಿದ್ದರೆ ಎಡೆ ಹಾಕಬಹುದು, ಪೂಜೆಗೆ ಕೂರಬಹುದು, ಬಾಗಿನ ಕೊಡಬಹುದು. ಬಿದ್ದರೆ ಹಚ್ಚಿದ ದೀಪವನ್ನೂ ಬಿಟ್ಟು ಏಳಬೇಕು.

"ಅಮ್ಮಾರೆ, ರೂಲ್ಸಿನ ಪ್ರಕಾರ ನಾನು ಕೊಡ್ಲೇಬೇಕು. ಟೈಮ್ ಬರ್ದು ಸೈನ್ ಆಕುಸ್ಕಬೇಕು."

"ಕೊಡ್ಬ್ಯಾಡ ಅಂದ್ನಾ? ಈಗ ಬ್ಯಾಡ ಅಂದೆ." ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. "ನಂದೂ ಮೊದಲ್ನೇ ಗೌರಿ ಇಂಗೇ ಅರ್ಧಕ್ಕೆ ನಿಂತೋಗಿತ್ತು ಕಣಪ್ಪಾ. ಕೈಗೆ ಗೌರಿ ದಾರ ಕಟ್ಟೋ ಒತ್ನಾಗೆ ಯಾರೋ ಬಂದು ಏನೋ ಅಂದ್ಬುಟ್ರು. ಆರೇ ವರ್ಸಕ್ಕೆ ನನ್ ಕುಂಕುಮ ಓಯ್ತು. ಇರಾನು ಒಬ್ನೇ ಮಗ. ಅವಳ ದಾರ ಒಂದ್ ಕಟ್ಟಾಗ್ಲಿ. ಬಸ್ಸು ಗಿಸ್ಸು ಇಡೀಬೇಕಾ?"

"ಹತ್ತೂವರೆಗೆ."

ಯಾವ ಊರಿನ ಬಸ್ಸೆಂದು ಅವಳು ಕೇಳಲಿಲ್ಲ. ಪಕ್ಕದ ಕಿಟಕಿಯಿಂದ ಕಾಣುವ ಗೋಡೆ ಗಡಿಯಾರದ ಕಡೆ ಕತ್ತು ತಿರುಗಿಸಿದಳು. "ಅರ್ಧ ಗಂಟೆ ಪೂಜೆ. ಹತ್ತಕ್ಕೆ ಬಾ. ನನ್ ಕೈಗೆ ಕೊಡು, ನಾನೇ ಏಳ್ತೀನಿ, ನಾನೇ ಕರ್ಕಂಡೋಗಿ ಬಸ್ ಅತ್ತುಸ್ತೀನಿ. ಗೌರಮ್ಮನ ಆಣೆ ಇಟ್ಟು ಏಳ್ತಾ ಇರೋ ಮಾತು." ಹೇಳಿ ಎರಡೂ ಕೈ ಜೋಡಿಸಿದಳು.

ಅವಳು ಬರೀ ಗದರಿದ್ದರೆ ತಮ್ಮಯ್ಯ ಜಗ್ಗದೆ ನಿಂತುಬಿಡುತ್ತಿದ್ದ. ಗದರಿಸಿಕೊಂಡು ಅವನಿಗೆ ಅಭ್ಯಾಸವಿತ್ತು. ಆ ಮನೆಯ ಹೆಂಗಸು ತನಗೆ ಕೈಮುಗಿಯುವುದನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಹತ್ತಕ್ಕೆ ಕೊಟ್ಟರೂ ಅದೇ ಬಸ್ಸು, ಈಗ ಕೊಟ್ಟರೂ ಅದೇ ಬಸ್ಸು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. "ಆಗ್ಲಿ ಅಮ್ಮಾರೆ" ಎಂದ.

ಲಕೋಟೆ ಮತ್ತೆ ಒಳಜೇಬಿಗೆ ಹೋಯಿತು. ಗೋಡೆಯ ಮರೆಯಿಂದ ಹೊರಗೆ ಬಂದರೆ ಎದುರಿಗೇ ಸಣ್ಣಕ್ಕ. ಹದಿನೆಂಟು ತುಂಬದ ಹುಡುಗಿ, ಹಸಿರು ಸೀರೆ, ಮುಡಿಯ ತುಂಬ ಕನಕಾಂಬರ.

"ಪೋಸ್ಟಣ್ಣ, ಇರೀಸಾವೆಯಿಂದ ಏನಾರ ಬಂತಾ?"

ಅಷ್ಟರಲ್ಲಿ ದೊಡ್ಡಮ್ಮ ಅವಳ ಹಿಂದೆ ಬಂದು ನಿಂತಿದ್ದಳು.

"ಇಲ್ಲ ಕಣವ್ವ. ಏನೂ ಇಲ್ಲ."

ಹುಡುಗಿಯ ಮುಖ ಅರಳಿಬಿಟ್ಟಿತು. "ಅಂಗಾರೆ ನಮ್ಮಪ್ಪ ಒಂಟವ್ನೆ! ಬಾಗಿನ ತಗಂಡು ನಾನೇ ಬತ್ತೀನಿ, ಬರಾಕಾಗ್ದೆ ಓದ್ರೆ ಕಾಗ್ದ ಆಕುಸ್ತೀನಿ ಅಂದಿದ್ದ."

ಏನೂ ಬಂದಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ಅರ್ಥ. ತಾನು ಬರೀ ಇಲ್ಲ ಎನ್ನಲಿಲ್ಲ, ಸತ್ತವನನ್ನು ಬಸ್ಸು ಹತ್ತಿಸಿ ಕಳಿಸಿದ ಹಾಗಾಯಿತು ಎಂದು ತಮ್ಮಯ್ಯನಿಗೆ ಆಗಲೇ ಹೊಳೆಯಿತು. ಆದರೂ ಸೈಕಲ್ ತುಳಿದ. ಹಿಂದಿನ ಬೀದಿಯಲ್ಲಿ ಹತ್ತು ಹನ್ನೆರಡು ಮನೆಗೆ ಕಾಗದ ಹಂಚಿದ. ಒಂದು ಮನೆಯಲ್ಲಿ ಕೊಟ್ಟ ಕಾಗದವನ್ನೇ ವಾಪಸು ಇಸಿದುಕೊಂಡು ವಿಳಾಸ ಓದಿದ. "ಯಾಕ್ಲಾ ತಮ್ಮಯ್ಯ, ಮೈ ಸರಿ ಇಲ್ವಾ?" ಎಂದು ಆ ಮನೆಯ ಮುದುಕ ಕೇಳಿದ. ಬೆವರು ಅಂಗಿಯಿಂದ ಇಳಿದು ಒಳಜೇಬು ತೇವವಾಗುತ್ತಿತ್ತು. ಲಕೋಟೆ ನೆನೆದೀತೆಂದು ತೆಗೆದು ಟೋಪಿಯೊಳಗೆ ಇಟ್ಟುಕೊಂಡ.

ಹತ್ತು ಗಂಟೆಗೆ ಸರಿಯಾಗಿ ಹೊಳೆಬೀದಿಗೆ ಬಂದ. ಪೂಜೆ ಮುಗಿದಿರಲಿಲ್ಲ. ಶುರುವೇ ಆಗಿರಲಿಲ್ಲ.

ಜಗಲಿಯ ತುಂಬ ಮುತ್ತೈದೆಯರು ಕೂತಿದ್ದರು. ಸಣ್ಣಕ್ಕ ಬಾಗಿಲ ಕಂಬ ಹಿಡಿದು ಬೀದಿಯ ಕೊನೆಯನ್ನೇ ನೋಡುತ್ತ ನಿಂತಿದ್ದಳು.

"ಬಂದು ಕೂತ್ಕಳೇ ತಾಯಿ, ಎಲ್ರೂ ಕಾಯ್ತಾ ಕುಂತವ್ರೆ" ಎನ್ನುತ್ತಿದ್ದಳು ದೊಡ್ಡಮ್ಮ. ಅದು ಎಷ್ಟನೆಯ ಸಲವೋ, ದನಿ ಬಿರುಕು ಬಿಟ್ಟಿತ್ತು.

"ತವರಿನ ಬಾಗಿನ ಇಲ್ದೆ ಎಂಗತ್ತೆ ದಾರ ಕಟ್ಕಳ್ಳಿ? ನಮ್ಮಪ್ಪ ಬಸ್ನಾಗವ್ನೆ. ಪೋಸ್ಟಣ್ಣನ್ನ ಕೇಳೇ ಕೇಳಿದ್ನಲ್ಲ, ಏನೂ ಬಂದಿಲ್ವಂತೆ. ಇನ್ನೊಂದ್ ಗಳಿಗೆ."

"ನಿಮ್ಮಪ್ಪ ಬರೋ ಬಸ್ಸಿಗೆ ಎತ್ತು ಕಟ್ಟವ್ರೆ ಕಣೇ" ಎಂದಳು ಪಕ್ಕದ ಮನೆಯವಳು. "ಅದೂ ಮುದಿ ಎತ್ತು!" ಜಗಲಿಯೆಲ್ಲ ನಕ್ಕಿತು. ಸಣ್ಣಕ್ಕನೂ ನಕ್ಕಳು. "ನಮ್ಮಪ್ಪ ನಡ್ಕಂಡಾದ್ರೂ ಬತ್ತಾನೆ ಬುಡಕ್ಕ, ಬರ್ದೆ ಇರಾನಲ್ಲ."

ತಮ್ಮಯ್ಯ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಬೆಳಿಗ್ಗೆ ಹಾಕಿದ ಲೆಕ್ಕದಲ್ಲಿ ಪೂಜೆಯಿತ್ತು, ಬಸ್ಸಿತ್ತು, ಅರ್ಧ ಗಂಟೆಯಿತ್ತು. ತನ್ನ ಸುಳ್ಳು ಮಾತ್ರ ಇರಲಿಲ್ಲ. ಈಗ ಆ ಸುಳ್ಳೇ ಹುಡುಗಿಯನ್ನು ಕಂಬಕ್ಕೆ ಕಟ್ಟಿ ನಿಲ್ಲಿಸಿತ್ತು. ತಂದೆ ಬರುವವರೆಗೆ ಅವಳು ಕೂರುವುದಿಲ್ಲ, ತಂದೆ ಬರುವುದಿಲ್ಲ.

ದೊಡ್ಡಮ್ಮ ಅವನನ್ನು ನೋಡಿದವಳೇ ಮತ್ತೆ ಗೋಡೆಯ ಮರೆಗೆ ಬಂದಳು.

"ಏನಾರ ಒಂದ್ ಏಳ್ಬುಡು ತಮ್ಮಯ್ಯ. ನಿಮ್ಮಪ್ಪಂಗೆ ಕಾಲು ನೋವು, ಬರಾಕಿಲ್ವಂತೆ, ಕಾಗ್ದ ಬಂದೈತೆ ಅನ್ನು. ಕೂತ್ಕತಾಳೆ. ಐದ್ ನಿಮಿಸ್ದಾಗೆ ಮುಗಿಸ್ಬುಡಾನ."

ಅಂದರೆ ಯಾರು ಸತ್ತದ್ದೆಂದು ಅವಳಿಗೆ ಗೊತ್ತಾಗಿತ್ತು. ಬೆಳಿಗ್ಗೆಯೇ ಗೊತ್ತಾಗಿತ್ತೋ ಏನೋ.

"ಆಗಾಕಿಲ್ಲ ಅಮ್ಮಾರೆ."

"ಕೈ ಮುಗೀತೀನಿ ಕಣ್ಲಾ."

"ಮುಗೀಬ್ಯಾಡಿ. ಒಂದ್ ಸುಳ್ಳು ಏಳಿ ಮುಕ್ಕಾಲು ಗಂಟೆ ಕಳ್ದೆ. ಇನ್ನೊಂದ್ ಏಳಿದ್ರೆ ಬಸ್ಸು ಕಳೀತದೆ. ಆಮ್ಯಾಕೆ ಆ ಮಗ ತನ್ನಪ್ಪನ ಮೊಕ ಎಲ್ ನೋಡ್ತದೆ?"

ಅಷ್ಟು ಉದ್ದದ ಮಾತನ್ನು ಅವನು ಆ ಬೀದಿಯಲ್ಲಿ ಯಾರಿಗೂ ಹೇಳಿದವನಲ್ಲ. ಹೇಳಿ ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಮುಂಬಾಗಿಲಿಗೆ ಬಂದು, ಜಗಲಿಯ ಮೆಟ್ಟಿಲು ಹತ್ತಿದ. ಹತ್ತಿದ್ದು ಅವನಿಗೂ ತಿಳಿಯಲಿಲ್ಲ, ಕೂತವರು ಸರಿದರು. ಗಡಿಯಾರ ಹತ್ತೂ ಹನ್ನೆರಡು ತೋರಿಸುತ್ತಿತ್ತು.

"ಅವ್ವಾ, ನಾನು ಬೆಳಿಗ್ಗೆ ಸುಳ್ಳು ಏಳ್ದೆ. ತಂತಿ ಬಂದಿತ್ತು."

ಸಣ್ಣಕ್ಕ ಲಕೋಟೆ ನೋಡಿದಳು, ಇಸಿದುಕೊಳ್ಳಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ತಮ್ಮಯ್ಯನೇ ಒಡೆದು, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು, ಕನ್ನಡದಲ್ಲಿ ಹೇಳಿದ. ಜಗಲಿಯ ಮೇಲಿನ ನಗು ಒಂದೊಂದಾಗಿ ಆರಿತು. ಯಾರೋ ಒಳಗೆ ಓಡಿ ಗೌರಿಗೆ ಬಟ್ಟೆ ಮುಚ್ಚಿದರು.

ಅವಳು ಕಿರುಚಿಕೊಳ್ಳಲಿಲ್ಲ. "ಎಷ್ಟೊತ್ಗೆ ಮಣ್ಣು?" ಎಂದಳು.

"ನಾಕಕ್ಕೆ. ಬಸ್ಸು ಹತ್ತೂವರೆಗೆ."

ಆಗ ದೊಡ್ಡಮ್ಮ ಮಾಡಿದ್ದನ್ನು ತಮ್ಮಯ್ಯ ಎಂದೂ ಮರೆಯಲಿಲ್ಲ. ಅವಳು ಅವನನ್ನು ಬೈಯಬಹುದಿತ್ತು, ಅವನು ಬೈಗುಳಕ್ಕೆ ತಲೆಬಾಗಿಯೇ ನಿಂತಿದ್ದ. "ನಿಂತ್ಕಂಡು ಏನ್ ನೋಡ್ತೀಯಾ? ಓಗು, ಬಸ್ ನಿಲ್ಸು! ನಾನು ಕರ್ಕಂಡ್ ಬತ್ತೀನಿ" ಎಂದು ಕೂಗಿ, ಸೊಸೆಯ ರಟ್ಟೆ ಹಿಡಿದು ಮೆಟ್ಟಿಲಿಳಿದಳು. ಕಾಲಿಗೆ ಮೆಟ್ಟೂ ಇಲ್ಲ.

ಬಸ್ ಸ್ಟ್ಯಾಂಡಿಗೆ ಅರ್ಧ ಮೈಲಿ. ತಮ್ಮಯ್ಯ ಹೇಗೆ ತುಳಿದನೋ. ಚೀಲದಿಂದ ಎರಡು ಕಾರ್ಡು ಬಿದ್ದದ್ದು ಕಂಡಿತು. ಜನ್ಮದಲ್ಲಿ ಮೊದಲನೆಯ ಸಲ ಅವನು ಬಿದ್ದ ಕಾಗದಕ್ಕೆ ನಿಲ್ಲಲಿಲ್ಲ. ಚನ್ನರಾಯಪಟ್ಟಣದ ಬಸ್ಸು ತುಂಬಿ ತುಳುಕುತ್ತಿತ್ತು, ಮೇಲೆಯೂ ಜನ, ಏಣಿಯ ಮೇಲೂ ಜನ. ಹೊತ್ತಿಗೆ ಮುಂಚೆಯೇ ಹೊರಡಲು ಗೇರು ಹಾಕುತ್ತಿತ್ತು. ತಮ್ಮಯ್ಯ ಬೇರೆ ಏನೂ ತೋಚದೆ ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿ, ಅದರ ಹಿಂದೆ ತಾನು ನಿಂತ.

ಬ್ರೇಕು ಕಿರ್ ಎಂದಿತು. ಕಂಡಕ್ಟರ್ ದ್ಯಾವಯ್ಯ ಬಾಗಿಲಿಂದ ನೇತುಬಿದ್ದುಕೊಂಡೇ ಕೂಗಿದ. "ಲೇ ತಮ್ಮಯ್ಯ! ತಲೆ ಕೆಟ್ಟೈತೇನ್ಲಾ? ಸಾಯಾಕೆ ಬೇರೆ ಬಸ್ ಸಿಕ್ಲಿಲ್ವಾ?"

"ಒಬ್ಳು ಬರ್ಬೇಕು. ಐದ್ ನಿಮಿಸ ನಿಲ್ಸಣ್ಣ, ದಮ್ಮಯ್ಯ."

"ಕಾಲಿಡಾಕೆ ಜಾಗ ಇಲ್ಲ ಕಣಯ್ಯ. ಹಬ್ಬದ ಜನ."

"ಅವ್ಳಪ್ಪ ಸತ್ತವ್ನೆ."

ಬಸ್ಸಿನೊಳಗಿನ ಗದ್ದಲ ತಗ್ಗಿತು. ಡ್ರೈವರ್ ಇಂಜಿನ್ ಆರಿಸಲಿಲ್ಲ, ಮುಂದಕ್ಕೂ ಬಿಡಲಿಲ್ಲ. ದ್ಯಾವಯ್ಯ ಕೆಳಗಿಳಿದು ಬೀಡಿ ಹಚ್ಚಿದ. "ಎಲ್ಲಿಗೆ?"

"ಹಿರೀಸಾವೆಗೆ."

"ಅಯ್ಯೋ ಮಂಕೇ, ಹಬ್ಬದ ರಶ್ಶಿಗೆ ಅಂತ ಇವತ್ತೊಂದು ಸ್ಪೆಷಲ್ ಬುಟ್ಟಿದ್ರಲ್ಲ, ಒಂಬತ್ತೂ ಮುಕ್ಕಾಲಿಗೆ. ನೆಟ್ಟಗೆ ಬೆಂಗ್ಳೂರಿಗೆ, ಹಿರೀಸಾವೆ ಮ್ಯಾಲೇ. ಯಾರ್ಗೂ ಗೊತ್ತಿಲ್ದೆ ಅರ್ಧ ಕಾಲಿ ಓಯ್ತು. ಅದ್ರಾಗೆ ಕೂರ್ಸಿದ್ರೆ ಮದ್ಯಾನ್ಕೆಲ್ಲ ಮನೇಲಿರ್ತಿದ್ಲು."

ಒಂಬತ್ತೂ ಕಾಲಿಗೆ ಸುದ್ದಿ ತಿಳಿದಿದ್ದರೆ ಅವಳು ಎಂಟು ನಿಮಿಷದಲ್ಲಿ ಇಲ್ಲಿರುತ್ತಿದ್ದಳು. ಮುಂದಿನದನ್ನು ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಬೀದಿಯ ತಿರುವಿನಲ್ಲಿ ಹಸಿರು ಸೀರೆ ಕಂಡಿತು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಸೆಯ ಹಿಂದೆ ಓಡುತ್ತಿದ್ದಳು. ಜಾಗವಿಲ್ಲದ ಬಸ್ಸಿನಲ್ಲಿ ಅದು ಹೇಗೋ ಜಾಗವಾಯಿತು, ಯಾರೋ ಎದ್ದು ನಿಂತರು. ಅತ್ತೆ ಬರುತ್ತೇನೆಂದಳು. "ನೀವಿರಿ ಅತ್ತೆ, ಅವರು ಬಂದ್ರೆ ಮನೇಲಿ ಏಳಾಕೆ ಯಾರವ್ರೆ?" ಎಂದಳು ಸಣ್ಣಕ್ಕ. ಹತ್ತುವ ಮುನ್ನ ತಮ್ಮಯ್ಯನ ಕಡೆ ನೋಡಿದಳು. ಸಿಟ್ಟೋ, ಕೃತಜ್ಞತೆಯೋ, ಅವನಿಗೆ ಓದಲಾಗಲಿಲ್ಲ.

ಬಸ್ಸು ಹೋಯಿತು. ಸಹಿಯ ಚೀಟಿ ಇನ್ನೂ ಅವನ ಕೈಯಲ್ಲೇ ಇತ್ತು. ದೊಡ್ಡಮ್ಮ ರಸ್ತೆಯ ಬದಿಯಲ್ಲೇ ಹೆಬ್ಬೆಟ್ಟು ಒತ್ತಿದಳು.

"ಒಂಬತ್ತೂ ಕಾಲು ಅಂತ ಬರ್ಕೋ. ನನ್ನಿಂದ ನಿನ್ ಕೆಲ್ಸ ಓಗಾದು ಬ್ಯಾಡ."

ಪೆನ್ಸಿಲು ಒಂಬತ್ತಕ್ಕೆ ಹೊರಟು ಕಾಗದದ ಮೇಲೆ ಚುಕ್ಕೆಯಾಗಿ ನಿಂತಿತು. ಹಾಗೆ ಬರೆದರೆ ಯಾರೂ ಕೇಳುವವರಿರಲಿಲ್ಲ. ಆದರೆ ಹಾಗೆ ಬರೆದರೆ ಒಂಬತ್ತೂ ಮುಕ್ಕಾಲಿನ ಬಸ್ಸನ್ನು ಹುಡುಗಿಯೇ ತಪ್ಪಿಸಿಕೊಂಡಂತಾಗುತ್ತಿತ್ತು. ಅವನು ಹತ್ತೂ ಹನ್ನೆರಡು ಎಂದು ಬರೆದ.

ಮಾಸ್ತರು ಚೀಟಿ ನೋಡಿ, "ಸಮಜಾಯಿಷಿ ಬರೆದುಕೊಡು" ಎಂದಷ್ಟೇ ಹೇಳಿದರು. ಬರೆದು ಹರಿದು ಬರೆದು ಮುಗಿಸುವಾಗ ಎರಡು ಗಂಟೆ. ಮನೆಗೆ ಹೋದರೆ ಮುದ್ದಮ್ಮ ಊಟ ಮಾಡದೆ ಕೂತಿದ್ದಳು. ಬೈಯಲು ಬಾಯಿ ತೆರೆದವಳು ಅಣ್ಣನ ಮುಖ ನೋಡಿ, ನೀರು ತಂದುಕೊಟ್ಟಳು. ರವಿಕೆ ಕಣವನ್ನು ಅವನು ಕೈಯಾರೆ ಕೊಟ್ಟ.

ಸಣ್ಣಕ್ಕ ಹದಿನೈದು ದಿನ ಬಿಟ್ಟು ಹಿಂತಿರುಗಿದಳು. ಆಮೇಲೂ ತಮ್ಮಯ್ಯ ಆ ಮನೆಗೆ ಏಳೆಂಟು ವರ್ಷ ಕಾಗದ ಕೊಟ್ಟ. ಅವಳು ಬಾಗಿಲಿಗೆ ಬಂದು ಇಸಿದುಕೊಳ್ಳುತ್ತಿದ್ದಳು, ಬಿಸಿಲಿದ್ದರೆ ಮಜ್ಜಿಗೆ ಬೇಕೇ ಎಂದು ಕೇಳುತ್ತಿದ್ದಳು. ಆ ದಿನದ ಮಾತು ಅವಳು ಎತ್ತಲಿಲ್ಲ. ಬೇರೆ ಯಾರಾದರೂ ಎತ್ತಿದರೆ ತಮ್ಮಯ್ಯ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದ. ಬಸ್ಸು ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಹನ್ನೆರಡೂವರೆ ಆಗಿತ್ತು ಎಂದು ದ್ಯಾವಯ್ಯ ಹೇಳಿದ್ದ. ಅಲ್ಲಿ ಅವಳು ಇಳಿದು ಜನರೊಳಗೆ ಸೇರಿಹೋದಳಂತೆ. ಹಬ್ಬದ ದಿನ, ತುಂಬಿದ ಬಸ್ಸುಗಳು ನಿಲ್ಲದೆ ಹೋಗುತ್ತಿದ್ದವಂತೆ.

ಅವಳಿಗೆ ಮುಂದಿನ ಬಸ್ಸು ಸಿಕ್ಕಿತೋ ಇಲ್ಲವೋ, ನಾಲ್ಕರೊಳಗೆ ತಂದೆಯ ಮುಖ ನೋಡಿದಳೋ ಇಲ್ಲವೋ, ತಮ್ಮಯ್ಯ ಕೇಳಿ ತಿಳಿಯಲಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.